ಬಿಪಿಗೆ ಮೂತ್ರದ ಮಾತ್ರೆ ತಗೊಳ್ಳುವವರು ಸುಧಾರಿಸಿಕೊಳ್ಳುವುದು ಹೇಗೆ

ನಾನು ಉಡುಪಿ–ಮಂಗಳೂರು ಬಸ್ಸಿನಲ್ಲಿ ಕಂಡಕ್ಟರ್. ಬಿಪಿಗೆ ಮಾತ್ರೆ ನುಂಗಲು ಶುರು ಮಾಡಿ ಕೆಲವು ವರ್ಷಗಳಾದವು. ಆ ಮಾತ್ರೆಯಲ್ಲಿ ಒಂದು ಪಾಲು ಮೂತ್ರ ಜಾಸ್ತಿ ಮಾಡುವ ಮದ್ದು. ನಿಂತುಕೊಂಡೇ ದುಡಿಯುವ ಕೆಲಸ, ಒಮ್ಮೆ ಹೊರಟರೆ ಒಂದೂವರೆ ಗಂಟೆ ಇಳಿಯುವ ಹಾಗಿಲ್ಲ. ಇಂಥವನಿಗೆ ಈ ಮಾತ್ರೆ ಆಗಿಬರುವುದಿಲ್ಲ ಅಂತ ಹೇಳಿದವರು ಬಹಳ ಜನ. ಆಗಿಬಂದಿದೆ. ಹೇಗೆ ಅನ್ನುವುದನ್ನು ಇಲ್ಲಿ ಬರೆಯುತ್ತೇನೆ.

ಬರೆಯಲು ಕಾರಣವೂ ಇದೆ. ಮಾತ್ರೆ ಬಿಟ್ಟು ಬಸ್ಸು ಹತ್ತುವವರನ್ನು ದಿನಾ ನೋಡುತ್ತೇನೆ. 'ಇವತ್ತು ಮದುವೆಗೆ ಹೊರಟದ್ದು, ಮಾತ್ರೆ ತಗೊಂಡಿಲ್ಲ' ಅಂತ ಹೆಂಗಸರು ಪಕ್ಕದ ಸೀಟಿನವರಿಗೆ ಹೇಳುವುದು ಕಿವಿಗೆ ಬೀಳುತ್ತದೆ. ತೊಂದರೆ ಆದದ್ದನ್ನು ಡಾಕ್ಟರಿಗೆ ಹೇಳುವುದಿಲ್ಲ, ಸುಮ್ನೆ ಮಾತ್ರೆ ಬಿಡುತ್ತಾರೆ. ಬಿಟ್ಟ ಮೇಲೆ ಏರಿದ ಬಿಪಿ ಯಾರಿಗೂ ಕಾಣುವುದಿಲ್ಲ, ನೋವೂ ಕೊಡುವುದಿಲ್ಲ. ಕೊನೆಗೆ ಒಂದು ದಿನ ಬಾಯಿ ಸೊಟ್ಟಗಾಗಿ, ಕೈ ಬಿದ್ದುಹೋಗಿ ಆಸ್ಪತ್ರೆ ಸೇರುತ್ತಾರೆ.

ನಾನು ಡಾಕ್ಟರ್ ಅಲ್ಲ. ಇಲ್ಲಿರುವುದು ನನ್ನ ಡಾಕ್ಟರ್ ಬಿಡಿಸಿ ಹೇಳಿದ್ದು, ಮೆಡಿಕಲ್ ಅಂಗಡಿಯವರ ಹತ್ತಿರ ಕೇಳಿ ತಿಳಿದದ್ದು, ನಮ್ಮ ಮನೆಯಲ್ಲೇ ಕಂಡದ್ದು. ನಿಮ್ಮ ಮಾತ್ರೆಯ ಡೋಸ್ ಬದಲಿಸುವುದು, ನಿಲ್ಲಿಸುವುದು ನಿಮ್ಮ ಡಾಕ್ಟರಿಗೆ ಬಿಟ್ಟದ್ದು.

ಮೊದಲು ಸ್ಟ್ರಿಪ್ ತಿರುಗಿಸಿ ನೋಡಿ

ಮೂತ್ರದ ಮಾತ್ರೆ ತಗೊಳ್ಳುತ್ತಿದ್ದೀರಿ ಅಂತ ನಿಮಗೇ ಗೊತ್ತಿಲ್ಲದೆ ಇರಬಹುದು. ಈಗ ಎರಡು-ಮೂರು ಮದ್ದು ಸೇರಿಸಿದ ಒಂದೇ ಮಾತ್ರೆ ಬರೆಯುವುದು ಜಾಸ್ತಿ. ಹೆಸರಿನ ಕೊನೆಗೆ 'ಎಚ್' ಅಂತ ಒಂದಕ್ಷರ ಇದ್ದರೆ, ಹೆಚ್ಚಾಗಿ ಅದರಲ್ಲಿ ಹೈಡ್ರೋಕ್ಲೋರೋಥಿಯಾಜೈಡ್ ಇರುತ್ತದೆ. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಪೂರ್ತಿ ಹೆಸರು ಬರೆದಿರುತ್ತಾರೆ. ಓದಲು ಕಷ್ಟವಾದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಅಥವಾ ಮೆಡಿಕಲ್‌ನಲ್ಲಿ 'ಇದರಲ್ಲಿ ಮೂತ್ರದ ಮದ್ದು ಇದೆಯಾ' ಅಂತ ನೇರ ಕೇಳಿ.

ಹೆಸರು ಗೊತ್ತಾಗಲೇಬೇಕು, ಯಾಕೆಂದರೆ ಎಲ್ಲ ಮೂತ್ರದ ಮಾತ್ರೆಯೂ ಒಂದೇ ತರಹ ಅಲ್ಲ. ಹೈಡ್ರೋಕ್ಲೋರೋಥಿಯಾಜೈಡ್, ಕ್ಲೋರ್ಥಾಲಿಡೋನ್, ಇಂಡಾಪಮೈಡ್ ಒಂದು ಗುಂಪು, ಇದಕ್ಕೆ ಥಯಾಜೈಡ್ ಗುಂಪು ಅನ್ನುತ್ತಾರೆ. ಬಿಪಿಗೆ ಮಾಮೂಲಾಗಿ ಕೊಡುವುದು ಇವನ್ನೇ. ಫ್ಯುರೋಸೆಮೈಡ್ ಮತ್ತು ಟೋರ್ಸೆಮೈಡ್ ಜೋರಿನವು. ಹೃದಯ ಅಥವಾ ಕಿಡ್ನಿಯ ತೊಂದರೆಯಿಂದ ಮೈಯಲ್ಲಿ ನೀರು ತುಂಬಿದಾಗ ಇವು ಬರುತ್ತವೆ. ಮೂರನೆಯದು ಸ್ಪೈರೋನೋಲ್ಯಾಕ್ಟೋನ್. ಮೂರು ಮದ್ದು ಕೊಟ್ಟರೂ ಇಳಿಯದ ಬಿಪಿಗೆ ಇದನ್ನು ಸೇರಿಸುತ್ತಾರೆ. ಮೊದಲ ಎರಡು ಗುಂಪಿನವು ಮೈಯಲ್ಲಿರುವ ಪೊಟ್ಯಾಸಿಯಂ ಇಳಿಸುತ್ತವೆ. ಮೂರನೆಯದು ಏರಿಸುತ್ತದೆ. ಪಕ್ಕದ ಮನೆಯವರು ಹೇಳಿದ ಪಥ್ಯ ನಿಮಗೆ ವಿಷವಾಗುವುದು ಇಲ್ಲೇ. ಅದಕ್ಕೆ ಮುಂದೆ ಬರುತ್ತೇನೆ.

ಮೂತ್ರದ ಓಡಾಟಕ್ಕೆ ಹೊತ್ತು ಹೊಂದಿಸುವುದು

ಶುರುವಿನ ಕೆಲವು ವಾರ ನಿಜವಾಗಿಯೂ ಕಷ್ಟ. ಪಡುಬಿದ್ರಿ ದಾಟುವ ಹೊತ್ತಿಗೆ ಹೊಟ್ಟೆಯ ಕೆಳಗೆ ಬಿಗಿ ಶುರುವಾದರೆ, ಸುರತ್ಕಲ್ ಬರುವವರೆಗೆ ಚಿಲ್ಲರೆ ಎಣಿಸಲೂ ಮನಸ್ಸು ನಿಲ್ಲುತ್ತಿರಲಿಲ್ಲ. ಆಗ ಡಾಕ್ಟರ್ ಒಂದು ಮಾತು ಹೇಳಿದ್ದರು. ಬಿಪಿಗೆ ಕೊಡುವ ಥಯಾಜೈಡ್ ಗುಂಪಿನ ಮಾತ್ರೆಗಳಲ್ಲಿ ಈ ಮೂತ್ರದ ಅಬ್ಬರ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ, ಬಿಪಿ ಇಳಿಸುವ ಕೆಲಸ ಮಾತ್ರ ಮುಂದುವರಿಯುತ್ತದೆ ಅಂತ. ಹಾಗೇ ಆಯಿತು. ಮೊದಲ ತಿಂಗಳಲ್ಲೇ ಬೇಡ ಅಂತ ಬಿಟ್ಟವರು, ಕಷ್ಟದ ಭಾಗ ಅನುಭವಿಸಿ ಲಾಭದ ಭಾಗ ಕಳೆದುಕೊಂಡ ಹಾಗೆ.

ಆ ವಾರಗಳನ್ನು ದಾಟಲು ಹೊತ್ತು ನೋಡಿಕೊಳ್ಳಬೇಕು. ಹೈಡ್ರೋಕ್ಲೋರೋಥಿಯಾಜೈಡ್ ನುಂಗಿದ ಎರಡು ಗಂಟೆಗೆ ಕೆಲಸ ಶುರು ಮಾಡುತ್ತದೆ, ನಾಲ್ಕು ಗಂಟೆಯ ಹೊತ್ತಿಗೆ ಜೋರಾಗುತ್ತದೆ. ಫ್ಯುರೋಸೆಮೈಡ್ ಒಂದು ಗಂಟೆಯೊಳಗೇ ಓಡಿಸುತ್ತದೆ, ಆರು ಗಂಟೆಯಲ್ಲಿ ಮುಗಿಸುತ್ತದೆ. ಹಾಗಾಗಿ ಬೆಳಿಗ್ಗೆಯೇ ತಗೊಳ್ಳುವುದು ಸರಿ. ದಿನಕ್ಕೆ ಎರಡು ಸಲ ಬರೆದಿದ್ದರೆ ಎರಡನೆಯದನ್ನು ಮಧ್ಯಾಹ್ನ, ತಡವೆಂದರೆ ಸಂಜೆ ನಾಲ್ಕರ ಒಳಗೆ. ರಾತ್ರಿ ತಗೊಂಡರೆ ನಿದ್ರೆ ಹೋಯಿತು. ಅದಕ್ಕಿಂತ ದೊಡ್ಡ ಅಪಾಯ, ವಯಸ್ಸಾದವರು ಕತ್ತಲೆಯಲ್ಲಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಳ್ಳುವುದು.

ನಾನು ಏಳುವುದೇ ನಾಲ್ಕೂವರೆಗೆ. ಎದ್ದ ಕೂಡಲೇ ಮಾತ್ರೆ ನುಂಗುತ್ತೇನೆ. ಮೊದಲ ಟ್ರಿಪ್ ಹೊರಡುವ ಮೊದಲು ಮನೆಯಲ್ಲಿ ಒಮ್ಮೆ, ಬಸ್‌ನಿಲ್ದಾಣದಲ್ಲಿ ಒಮ್ಮೆ ಹೋಗಿ ಬರುತ್ತೇನೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡ್‌ಗೆ ಮುಟ್ಟಿದ ಮೇಲೆ, ಬೇಕು ಅನಿಸಲಿ ಬಿಡಲಿ, ಮತ್ತೆ ಹೋಗುತ್ತೇನೆ. ಬೇಕು ಅನಿಸುವವರೆಗೆ ಕಾಯುವುದಲ್ಲ, ಜಾಗ ಸಿಕ್ಕಿದಲ್ಲಿ ಮುಗಿಸುವುದು. ಪ್ರಯಾಣ ಮಾಡುವ ಎಲ್ಲರಿಗೂ ಇದನ್ನೇ ಹೇಳುತ್ತೇನೆ.

ಧರ್ಮಸ್ಥಳಕ್ಕೋ ಬೆಂಗಳೂರಿಗೋ ಹೊರಟರೆ? ಆ ದಿನ ಮಾತ್ರೆಯನ್ನು ಒಂದೆರಡು ಗಂಟೆ ಹಿಂದೆ-ಮುಂದೆ ಮಾಡಬಹುದಾ ಅಂತ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಬಹಳ ಸಲ ಆಗುತ್ತದೆ ಅನ್ನುತ್ತಾರೆ. ಬಿಡುವುದು ಮಾತ್ರ ಬೇಡ. ಕ್ಲೋರ್ಥಾಲಿಡೋನ್ ತಗೊಳ್ಳುವವರಿಗಂತೂ ಬಿಟ್ಟು ಹೆಚ್ಚೇನೂ ಸಿಗುವುದಿಲ್ಲ. ಅದು ಮೈಯಲ್ಲಿ ಎರಡು-ಮೂರು ದಿನ ಕೆಲಸ ಮಾಡುವ ಮದ್ದು. ಇವತ್ತಿನದು ಬಿಟ್ಟರೂ ನಿನ್ನೆಯದು ಒಳಗೆ ಇದ್ದೇ ಇರುತ್ತದೆ.

ಹೆಂಗಸರ ಕಷ್ಟ ಬೇರೆಯೇ. ದಾರಿಯಲ್ಲಿ ಹೋಗಲು ಜಾಗ ಇಲ್ಲ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಮೂತ್ರದ ಮಾತ್ರೆ ಒಳಗಿನ ನೀರು ಹೊರಗೆ ಹಾಕುತ್ತಿದೆ, ಮೇಲಿಂದ ನೀರು ಬರುತ್ತಿಲ್ಲ, ಹೊರಗೆ ಏಪ್ರಿಲ್ ತಿಂಗಳ ಸೆಕೆ. ತಲೆ ತಿರುಗಿ ಬೀಳದೆ ಇನ್ನೇನಾದೀತು? ಉರಿಮೂತ್ರವೂ ಬರುತ್ತದೆ. ಮುಜುಗರ ಬೇಡ. ಎಲ್ಲಾದರೂ ನಿಲ್ಲಿಸಿ ಅಂತ ಕಂಡಕ್ಟರಿಗೆ ಹೇಳಿ. ಸರಿಯಾದ ಕಂಡಕ್ಟರ್ ಪೆಟ್ರೋಲ್ ಬಂಕ್ ನೋಡಿ ಎರಡು ನಿಮಿಷ ನಿಲ್ಲಿಸಿಯೇ ನಿಲ್ಲಿಸುತ್ತಾನೆ.

ಎದ್ದು ನಿಲ್ಲುವಾಗ

ದೇವಸ್ಥಾನದ ಊಟದ ಪಂಕ್ತಿ ಗಮನಿಸಿದ್ದೀರಾ? ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಅರ್ಧ ಗಂಟೆ ಕೂತಿರುತ್ತೇವೆ. ಹೊಟ್ಟೆ ತುಂಬ ಊಟ ಆಗಿರುತ್ತದೆ. 'ಗೋವಿಂದ' ಅಂದ ಕೂಡಲೇ ಎಲ್ಲರೂ ಒಟ್ಟಿಗೆ ಏಳುತ್ತಾರೆ. ಹಿಂದೆ ಮುಂದಿನ ಪಂಕ್ತಿಗೆ ಜನ ಕಾಯುತ್ತಿರುತ್ತಾರೆ. ಮೂತ್ರದ ಮಾತ್ರೆ ತಗೊಳ್ಳುವವನಿಗೆ ಇದಕ್ಕಿಂತ ಕೆಟ್ಟ ಗಳಿಗೆ ಇಲ್ಲ. ಊಟ ಆದ ಮೇಲೆ ರಕ್ತ ಹೊಟ್ಟೆಯ ಕಡೆ ಹೋಗಿರುತ್ತದೆ, ಎದ್ದಾಗ ಕಾಲಿನ ಕಡೆ ಇಳಿಯುತ್ತದೆ, ತಲೆಗೆ ಸಾಲುವುದಿಲ್ಲ. ಕಣ್ಣು ಕತ್ತಲೆ ಕಟ್ಟುತ್ತದೆ.

ನಾನು ಕಂಬದ ಬುಡದಲ್ಲೋ ಗೋಡೆಯ ಬದಿಯಲ್ಲೋ ಜಾಗ ಹಿಡಿಯುತ್ತೇನೆ. ಏಳುವ ಮೊದಲು ಕಾಲು ಬಿಡಿಸಿ ಪಾದವನ್ನು ಮೇಲೆ ಕೆಳಗೆ ಹತ್ತು ಸಲ ಆಡಿಸುತ್ತೇನೆ. ಒಂದು ಮಂಡಿ ಊರಿ, ಕಂಬ ಹಿಡಿದು ಏಳುತ್ತೇನೆ. ನಿಂತಲ್ಲೇ ಸ್ವಲ್ಪ ಹೊತ್ತು ನಿಂತು, ಮೀನಖಂಡ ಬಿಗಿ ಮಾಡಿ ಬಿಟ್ಟು, ಆಮೇಲೆ ಹೆಜ್ಜೆ ಇಡುತ್ತೇನೆ. ಹಿಂದಿನವರು ಕಾಯಲಿ. ಹಾಸಿಗೆಯಿಂದ ಏಳುವಾಗಲೂ ಹೀಗೇ. ಮೊದಲು ಮಗ್ಗುಲಾಗಿ, ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ತಲೆ ಸರಿ ಇದೆ ಅನಿಸಿದ ಮೇಲೆ ಏಳಬೇಕು.

ಇನ್ನೊಂದು ಜಾಗ ಬಚ್ಚಲು. ನಮ್ಮ ಕಡೆ ಹಂಡೆಯ ಸುಡುನೀರು ಮೈಮೇಲೆ ಸುರಿದುಕೊಳ್ಳದಿದ್ದರೆ ಸ್ನಾನ ಆದ ಹಾಗೇ ಆಗುವುದಿಲ್ಲ ಅಲ್ವಾ. ಬಿಸಿನೀರಿಗೆ ರಕ್ತನಾಳ ಅಗಲವಾಗಿ ಬಿಪಿ ಇನ್ನೂ ಇಳಿಯುತ್ತದೆ. ನೀರಿನ ಬಿಸಿ ಕಡಿಮೆ ಮಾಡಿ. ಬಚ್ಚಲಲ್ಲಿ ಒಂದು ಸ್ಟೂಲು ಇಡಿ. ದೀಪಾವಳಿಯ ಎಣ್ಣೆಸ್ನಾನದ ದಿನ ಹಿರಿಯರು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕದೆ ಇದ್ದರೆ ಒಳ್ಳೆಯದು.

ಮನೆಯಲ್ಲಿ ಬಿಪಿ ಮೆಷಿನ್ ಇದ್ದರೆ ಹೀಗೆ ನೋಡಿ. ಐದು ನಿಮಿಷ ಕೂತು ಒಮ್ಮೆ ಅಳೆಯಿರಿ. ಎದ್ದು ನಿಂತು ಒಂದು ನಿಮಿಷಕ್ಕೆ, ಮತ್ತೆ ಮೂರು ನಿಮಿಷಕ್ಕೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಪ್ರಾಸ್ಟೇಟ್‌ಗೆ ರಾತ್ರಿ ಮಾತ್ರೆ ತಗೊಳ್ಳುವ ಗಂಡಸರು ಅದನ್ನೂ ಹೇಳಬೇಕು. ಎರಡೂ ಸೇರಿದರೆ ತಲೆ ತಿರುಗುವುದು ಜಾಸ್ತಿ. ಕುಡಿಯುವವರಿಗೂ ಹಾಗೇ, ಅದು ಶೇಂದಿಯಾದರೂ ಸರಿ.

ಬೊಂಡ (ಎಳನೀರು) ಎಲ್ಲರಿಗೂ ಒಳ್ಳೆಯದಲ್ಲ

ರಾತ್ರಿ ಮೀನಖಂಡ ಗಂಟು ಹಾಕಿಕೊಂಡು ಎಚ್ಚರ ಆಗುವುದು ಮೂತ್ರದ ಮಾತ್ರೆಯವರಿಗೆ ಗೊತ್ತಿರುವ ನೋವು. ಆಗ ಕಾಲು ನೀಡಿ, ಪಾದದ ಬೆರಳುಗಳನ್ನು ಕೈಯಿಂದ ಹಿಡಿದು ನಿಮ್ಮ ಕಡೆಗೆ ಎಳೆದುಕೊಳ್ಳಿ. ಕೈಗೆ ಎಟುಕದಿದ್ದರೆ ಬೈರಾಸನ್ನು (ಟವೆಲನ್ನು) ಪಾದದ ಅಡಿಗೆ ಹಾಕಿ ಎರಡೂ ತುದಿ ಎಳೆಯಿರಿ. ಇಲ್ಲವೇ ಗೋಡೆ ಹಿಡಿದು ಆ ಕಾಲಿನ ಮೇಲೇ ಹಿಮ್ಮಡಿ ಊರಿ ನಿಲ್ಲಿ. ಸ್ವಲ್ಪ ಹೊತ್ತಿನಲ್ಲಿ ಬಿಡುತ್ತದೆ. ಮಲಗುವ ಮೊದಲು ಇದೇ ತರಹ ಎಳೆದು ಬಿಟ್ಟರೆ ನನಗೆ ಕಡಿಮೆಯಾಗಿದೆ.

ಆದರೆ ಪದೇ ಪದೇ ಹೀಗಾಗುತ್ತಿದ್ದರೆ, ಜೊತೆಗೆ ಮೆಟ್ಟಿಲು ಹತ್ತಲು ತೊಡೆಯಲ್ಲಿ ಬಲ ಇಲ್ಲ, ಮಲಬದ್ಧತೆ, ಎದೆ ಧಸಕ್ಕೆನ್ನುವುದು ಇದ್ದರೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿರಬಹುದು. ಲ್ಯಾಬಿನ ಚೀಟಿಯಲ್ಲಿ ಇದು ಸಾಮಾನ್ಯವಾಗಿ 3.5ರಿಂದ 5ರ ಒಳಗೆ ಇರಬೇಕು. ತೀರಾ ಇಳಿದರೆ ಹೃದಯದ ಬಡಿತವೇ ತಪ್ಪುತ್ತದೆ.

ಇಳಿಯದ ಹಾಗೆ ನೋಡಿಕೊಳ್ಳಲು ನಮ್ಮ ಊರಿನ ಊಟವೇ ಸಾಕು. ಹರಿವೆ, ಬಸಳೆ, ಹುರುಳಿ ಸಾರು, ಗೆಣಸು, ಬಾಳೆಹಣ್ಣು, ಬೊಂಡ. ಒಂದು ಬಾಳೆಹಣ್ಣಿನಲ್ಲಿ ಸುಮಾರು 400 ಮಿಲಿಗ್ರಾಂ ಪೊಟ್ಯಾಸಿಯಂ ಸಿಗುತ್ತದೆ. ದೊಡ್ಡ ಬೊಂಡದ ನೀರಿನಲ್ಲಿ ಅದಕ್ಕಿಂತ ಜಾಸ್ತಿಯೇ ಇರಬಹುದು.

ಈಗ ಮುಖ್ಯ ಮಾತು. ನಿಮ್ಮ ಮಾತ್ರೆ ಸ್ಪೈರೋನೋಲ್ಯಾಕ್ಟೋನ್ ಆದರೆ, ಅಥವಾ ನಿಮಗೆ ಕಿಡ್ನಿ ತೊಂದರೆ ಇದ್ದರೆ, ಈ ಪಟ್ಟಿ ನಿಮಗಲ್ಲ. ನಿಮ್ಮಲ್ಲಿ ಪೊಟ್ಯಾಸಿಯಂ ಏರುವ ಭಯ. ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ಎನಾಲಾಪ್ರಿಲ್ ಅನ್ನುವ ಬಿಪಿ ಮದ್ದುಗಳು ಕೂಡ ಪೊಟ್ಯಾಸಿಯಂ ಏರಿಸುವ ಕಡೆಯವೇ. ಅವು ಸ್ಪೈರೋನೋಲ್ಯಾಕ್ಟೋನ್ ಜೊತೆ ಸೇರಿದರೆ ಇನ್ನೂ ಎಚ್ಚರ ಬೇಕು. 'ಸೆಕೆಗೆ ತಂಪು' ಅಂತ ದಿನಕ್ಕೆ ಎರಡು-ಮೂರು ಬೊಂಡ ಕುಡಿಸುವುದು ಇವರ ಮಟ್ಟಿಗೆ ಪ್ರೀತಿಯಲ್ಲ, ಅಪಾಯ. ಏರಿದ ಪೊಟ್ಯಾಸಿಯಂ ಕೂಡ ಹೃದಯವನ್ನು ನಿಲ್ಲಿಸುತ್ತದೆ, ಅದೂ ಹೆಚ್ಚು ಸೂಚನೆ ಕೊಡದೆ. ಅಂಗಡಿಯಲ್ಲಿ 'ಬಿಪಿಯವರ ಉಪ್ಪು', 'ಲೋ ಸೋಡಿಯಂ ಉಪ್ಪು' ಅಂತ ಸಿಗುವುದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಡಾಕ್ಟರನ್ನು ಕೇಳದೆ ಅದನ್ನು ಮನೆಗೆ ತರಬೇಡಿ. ಹಾಗೇ ಪೊಟ್ಯಾಸಿಯಂ ಸಿರಪ್ಪನ್ನು ಬೇರೆಯವರ ಚೀಟಿ ನೋಡಿ ಕುಡಿಯಬೇಡಿ.

ಮರೆವು ಅಂದುಕೊಂಡದ್ದು ಮರೆವಲ್ಲ

ನನ್ನ ದೊಡ್ಡಮ್ಮ ಬ್ರಹ್ಮಾವರದ ಹತ್ತಿರ ಇರುವುದು. ಸಣಕಲು ಮೈ. ಎಪ್ಪತ್ತು ದಾಟಿದೆ. ಬಿಪಿ ಮಾತ್ರೆ ಬದಲಿಸಿ ಕೆಲವು ವಾರ ಆಗಿತ್ತು. ಮೊದಲು ಊಟ ಸೇರುವುದಿಲ್ಲ ಅಂದರು. ವಾಕರಿಕೆ, ತಲೆನೋವು. ಹಗಲೂ ನಿದ್ರೆ. ಒಂದು ಸಂಜೆ ದನಕ್ಕೆ ಅಕ್ಕಚ್ಚು ಇಟ್ಟಾಯಿತಾ ಅಂತ ಕೇಳಿದರು. ಹಟ್ಟಿ ಖಾಲಿಯಾಗಿ ಎಷ್ಟೋ ಕಾಲವಾಗಿತ್ತು. ಮನೆಯವರು ವಯಸ್ಸಿನ ಮರೆವು ಅಂದುಕೊಂಡರು. ಸೊಸೆಗೆ ಮಾತ್ರ ಸಮಾಧಾನ ಆಗಲಿಲ್ಲ. 'ಮೊನ್ನೆ ಮೊನ್ನೆಯವರೆಗೆ ಹಾಲಿನ ಲೆಕ್ಕ ಬಾಯಿಯಲ್ಲಿ ಹೇಳುತ್ತಿದ್ದವರು, ಇಷ್ಟು ಬೇಗ ಮರೆವು ಬರುತ್ತದಾ?' ಅಂತ ಹೇಳಿ ಆ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ರಕ್ತದ ಸೋಡಿಯಂ 118. ಇರಬೇಕಾದದ್ದು 135ರಿಂದ 145.

ಒಳಗೆ ಇಟ್ಟುಕೊಂಡು, ಆ ಮಾತ್ರೆ ನಿಲ್ಲಿಸಿ, ನಿಧಾನವಾಗಿ ಸರಿ ಮಾಡಿದರು. ನಿಧಾನವಾಗಿಯೇ ಮಾಡಬೇಕಂತೆ, ಬೇಗ ಏರಿಸಿದರೆ ಮಿದುಳಿಗೆ ಪೆಟ್ಟು. ವಾರದೊಳಗೆ ದೊಡ್ಡಮ್ಮ ಮೊದಲಿನ ಹಾಗೆ ಸೊಸೆಯ ಸಾರಿಗೆ ಹುಳಿ ಕಡಿಮೆ ಅನ್ನುವಷ್ಟಾದರು. ಈಗ ಬೇರೆ ಮಾತ್ರೆಯಲ್ಲಿದ್ದಾರೆ.

ಥಯಾಜೈಡ್ ಮಾತ್ರೆಯ ತೊಂದರೆಗಳಲ್ಲಿ ನಾನು ಅತಿ ಹೆಚ್ಚು ಹೆದರುವುದು ಇದಕ್ಕೆ. ವಯಸ್ಸಾದವರಿಗೆ, ಅದರಲ್ಲೂ ತೆಳ್ಳಗಿನ ಹೆಂಗಸರಿಗೆ ಇದು ಜಾಸ್ತಿ. ಮಾತ್ರೆ ಶುರು ಮಾಡಿದ ಮೊದಲ ವಾರಗಳಲ್ಲಿ ಹೆಚ್ಚು ಕಂಡರೂ, ಆಮೇಲೂ ಬರಬಹುದು. ನಡಿಗೆ ತೂರಾಡುವುದು, ಮಂಕು, ಮಾತು ತಪ್ಪುವುದು, ಸುಮ್ನೆ ಬೀಳುವುದು, ಇವು ದಿನಗಳಲ್ಲಿ ಹೊಸದಾಗಿ ಶುರುವಾದರೆ ವಯಸ್ಸಿನ ಮೇಲೆ ಹಾಕಬೇಡಿ. ಅದೇ ದಿನ ಸೋಡಿಯಂ ನೋಡಿಸಿ. ಫಿಟ್ಸ್ ಬಂದರೆ 108ಕ್ಕೆ ಫೋನ್ ಮಾಡಿ.

ಸೋಡಿಯಂ ಅಂದರೆ ಉಪ್ಪು, ಇಳಿದಿದೆ ಅಂದರೆ ಉಪ್ಪಿನಕಾಯಿ ತಿನ್ನಿಸಿದರೆ ಆಯಿತು ಅಂತ ಲೆಕ್ಕ ಹಾಕುವವರಿದ್ದಾರೆ. ಅಷ್ಟು ಸುಲಭ ಅಲ್ಲ. ಬಹಳ ಸಲ ಮೈಯಲ್ಲಿ ಉಪ್ಪು ಕಡಿಮೆಯಾದದ್ದಲ್ಲ, ಅದಕ್ಕೆ ಹೋಲಿಸಿದರೆ ನೀರು ಜಾಸ್ತಿಯಾದದ್ದು. ಹೀಗಿರುವಾಗ ಲೀಟರುಗಟ್ಟಲೆ ಬರೀ ನೀರು, ಗಂಜಿ ತೆಳಿ ಕುಡಿಸಿದರೆ ಇನ್ನೂ ಇಳಿಯುತ್ತದೆ. ಎಷ್ಟು ನೀರು, ಎಷ್ಟು ಉಪ್ಪು ಅಂತ ಡಾಕ್ಟರೇ ಹೇಳಬೇಕು.

ಗಂಜಿಯ ಪಕ್ಕದಲ್ಲಿರುವುದು

ಕುಚ್ಚಲಕ್ಕಿ ಗಂಜಿಯಲ್ಲಿ ತಪ್ಪಿಲ್ಲ. ಅದರ ಪಕ್ಕದಲ್ಲಿ ಬಡಿಸುವುದರಲ್ಲಿ ಇರುವುದು ಉಪ್ಪು. ಮಿಡಿ ಉಪ್ಪಿನಕಾಯಿ, ಸುಟ್ಟ ಒಣಮೀನು, ಸಂಡಿಗೆ, ಹಪ್ಪಳ, ಮಳೆಗಾಲಕ್ಕೆ ಭರಣಿಯಲ್ಲಿ ಹಾಕಿಟ್ಟ ಉಪ್ಪುಸೊಳೆ. ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ. ಒಣಮೀನು ಇದ್ದ ಊಟದಲ್ಲಿ ಅದು ಎಲ್ಲಿ ಸಾಲುತ್ತದೆ?

ಉಪ್ಪು ಜಾಸ್ತಿ ತಿಂದರೆ ಎರಡು ನಷ್ಟ. ಮಾತ್ರೆಯ ಕೆಲಸ ಅರ್ಧಕ್ಕೆ ಬರುತ್ತದೆ. ಮೇಲಿಂದ, ಒಳಗೆ ಬಂದ ಸೋಡಿಯಂ ಹೊರಗೆ ಹೋಗುವಾಗ ಪೊಟ್ಯಾಸಿಯಂ ಕೂಡ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಕಾಲು ಸೆಳೆತಕ್ಕೆ ಬಾಳೆಹಣ್ಣು ತಿನ್ನುವುದಕ್ಕಿಂತ ಮೊದಲು ಉಪ್ಪಿನಕಾಯಿ ಭರಣಿ ದೂರ ಇಡಬೇಕು. ನಮ್ಮ ಮನೆಯಲ್ಲಿ ಈಗ ಗಂಜಿಗೆ ಹೆಸರುಕಾಳು ಪಲ್ಯ, ಇಲ್ಲವೇ ಕಾಯಿ ಚಟ್ನಿ. ಚಟ್ನಿಗೆ ಉಪ್ಪು ಕಡಿಮೆ ಮಾಡಿ, ಪುನರ್ಪುಳಿಯೋ ಬಿಂಬುಳಿಯೋ ಸ್ವಲ್ಪ ಜಾಸ್ತಿ. ಹುಳಿ ಇದ್ದರೆ ನಾಲಗೆ ಉಪ್ಪನ್ನು ಅಷ್ಟು ಹುಡುಕುವುದಿಲ್ಲ. ಒಣಮೀನು ಪೂರ್ತಿ ಬಿಟ್ಟಿಲ್ಲ. ಬಿಸಿನೀರಲ್ಲಿ ನೆನೆಸಿ, ಎರಡು ಸಲ ನೀರು ಚೆಲ್ಲಿ, ಅಪರೂಪಕ್ಕೊಮ್ಮೆ ಸಣ್ಣ ತುಂಡು.

ಹೆಬ್ಬೆರಳು ಮತ್ತು ನೋವಿನ ಮಾತ್ರೆ

ಮೂತ್ರದ ಮಾತ್ರೆ ರಕ್ತದಲ್ಲಿ ಯೂರಿಕ್ ಆಮ್ಲ ಏರಿಸುತ್ತದೆ. ಕೆಲವರಿಗೆ ಅದು ಕಾಲಿನ ಹೆಬ್ಬೆರಳ ಬುಡದಲ್ಲಿ ಕೆಂಪಗೆ ಊದಿಕೊಂಡು, ಹೊದಿಕೆ ತಾಗಿದರೂ ಕಿರುಚುವ ಹಾಗೆ ನೋಯುತ್ತದೆ. ಭೂತಾಯಿ, ಬಂಗುಡೆ ಮೀನು, ಮೇಲೆ ಬಿಯರ್ ಸೇರಿದರೆ ಬೇಗ ಬರುತ್ತದೆ. ನಮ್ಮ ಕರಾವಳಿಯಲ್ಲಿ ಭೂತಾಯಿ ಬಿಡಿ ಅನ್ನುವುದು ಸುಲಭದ ಮಾತಲ್ಲ, ಗೊತ್ತು. ಹಿಂದೆ ಒಮ್ಮೆ ಹೀಗೆ ನೋವು ಬಂದಿದ್ದವರು ಮಾತ್ರೆ ಶುರು ಮಾಡುವ ಮೊದಲೇ ಡಾಕ್ಟರಿಗೆ ಹೇಳಿದರೆ, ಅವರು ಬೇರೆ ಮದ್ದು ಆರಿಸುತ್ತಾರೆ.

ನನಗೆ ಹೆಚ್ಚು ಚಿಂತೆ ಆಮೇಲಿನದ್ದು. ನೋವು ಬಂದ ಕೂಡಲೇ ನಾವು ಮೆಡಿಕಲ್‌ಗೆ ಹೋಗಿ 'ನೋವಿಗೆ ಒಂದು ಕೊಡಿ' ಅನ್ನುತ್ತೇವೆ. ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಸಿಗುತ್ತದೆ. ಮೂತ್ರದ ಮದ್ದು, ಟೆಲ್ಮಿಸಾರ್ಟಾನ್ ತರಹದ ಬಿಪಿ ಮದ್ದು, ಮೇಲಿಂದ ಈ ನೋವಿನ ಮದ್ದು, ಮೂರೂ ಸೇರಿದರೆ ಕಿಡ್ನಿಗೆ ರಕ್ತ ಹೋಗುವುದೇ ಕಡಿಮೆಯಾಗುತ್ತದೆ. ನೀರು ಕುಡಿಯದ ಸೆಕೆಯ ದಿನದಲ್ಲಿ ಕೆಲವೇ ದಿನಗಳಲ್ಲಿ ಕಿಡ್ನಿ ಕೈಕೊಟ್ಟೀತು. ಬಿಪಿಯೂ ಏರುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಕೇಳಿ, ಅದಕ್ಕೆ ಬಗ್ಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಬೈಪೋಲಾರ್ ಕಾಯಿಲೆಗೆ ಲಿಥಿಯಂ, ಹೃದಯಕ್ಕೆ ಡಿಗಾಕ್ಸಿನ್ ತಗೊಳ್ಳುವವರು ಮೂತ್ರದ ಮಾತ್ರೆ ಶುರುವಾಗುವ ದಿನವೇ ಅದನ್ನು ಹೇಳಬೇಕು. ಇವುಗಳಲ್ಲಿ ಯಾವುದೇ ಒಂದು ಮೂತ್ರದ ಮಾತ್ರೆಯ ಜೊತೆ ಸೇರಿದರೆ ವಿಷವೇರುವ ಸಾಧ್ಯತೆ ಇದೆ.

ಇನ್ನು ಕೆಲವು ಚುಟುಕಾಗಿ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಸ್ವಲ್ಪ ಏರಬಹುದು, ಶುರುವಿನ ತಿಂಗಳುಗಳಲ್ಲಿ ಹೆಚ್ಚು ಸಲ ನೋಡಿಸಿ. ಹೈಡ್ರೋಕ್ಲೋರೋಥಿಯಾಜೈಡ್ ತಗೊಳ್ಳುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಮಲ್ಪೆಯಲ್ಲಿ ದೋಣಿಗೆ ಹೋಗುವವರು, ಗದ್ದೆಯವರು ತುಂಬು ತೋಳಿನ ಅಂಗಿ, ಟೋಪಿ ಹಾಕಿ. ಮಾಯದ ಹುಣ್ಣು ಚರ್ಮದ ಮೇಲೆ ಕಂಡರೆ ತೋರಿಸಿ. ಮಾತ್ರೆ ಶುರುವಾದ ದಿನಗಳಲ್ಲಿ ಕಣ್ಣು ತಟ್ಟನೆ ನೋಯತೊಡಗಿ ಮಂಜಾದರೆ ಅದೇ ದಿನ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಅಪರೂಪ, ಆದರೆ ಕಾಯುವ ವಿಷಯ ಅಲ್ಲ.

ಗಂಡಸರಿಗೆ ಒಂದು ಮಾತು. ಹೆಂಡತಿಯ ಜೊತೆ ಮಲಗುವ ವಿಷಯದಲ್ಲಿ ಈ ಮಾತ್ರೆಯಿಂದ ತೊಂದರೆ ಆಗುವುದುಂಟು. ಸ್ಪೈರೋನೋಲ್ಯಾಕ್ಟೋನ್‌ನಿಂದ ಎದೆ ಊದಿ ನೋಯುವುದೂ ಉಂಟು. ನಾಚಿಕೆಯಿಂದ ಹೇಳದೆ ಮಾತ್ರೆ ಬಿಟ್ಟವರು ನನ್ನ ಪರಿಚಯದಲ್ಲೇ ಇದ್ದಾರೆ. ಡಾಕ್ಟರಿಗೆ ಇದು ಹೊಸ ವಿಷಯ ಅಲ್ಲ, ಬದಲಿ ಮದ್ದು ಇದೆ. ಎಲ್ಲರ ಎದುರು ಹೇಳಲು ಆಗದಿದ್ದರೆ ಒಂದು ಚೀಟಿಯಲ್ಲಿ ಬರೆದು ಕೊಡಿ.

ಭೇದಿ, ಜ್ವರ, ಉಪವಾಸ

ಮಳೆಗಾಲದಲ್ಲಿ ನಮ್ಮ ಕಡೆ ವಾಂತಿ-ಭೇದಿ ಮಾಮೂಲು. ಮೈಯಿಂದ ನೀರು ಹಾಗೇ ಹೋಗುತ್ತಿರುವಾಗ ಮೂತ್ರದ ಮಾತ್ರೆಯನ್ನೂ ನುಂಗಿದರೆ ಬಿಪಿ ತೀರಾ ಇಳಿಯುತ್ತದೆ, ಕಿಡ್ನಿಗೆ ಪೆಟ್ಟಾಗುತ್ತದೆ. ಇಂಥ ದಿನ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾ ಅಂತ ಫೋನ್ ಮಾಡಿ ಕೇಳಿ. ಹೆಚ್ಚಾಗಿ ಒಂದೆರಡು ದಿನ ನಿಲ್ಲಿಸಿ, ಸರಿಯಾಗಿ ತಿಂದು ಕುಡಿಯಲು ಶುರು ಮಾಡಿದ ಮೇಲೆ ಮತ್ತೆ ತಗೊಳ್ಳಿ ಅನ್ನುತ್ತಾರೆ. ಕಾಯಿಲೆ ಬರುವ ಮೊದಲೇ, ಆರಾಮ ಇರುವಾಗಲೇ 'ಭೇದಿ ಆದರೆ ಯಾವ ಮಾತ್ರೆ ನಿಲ್ಲಿಸಬೇಕು' ಅಂತ ಕೇಳಿ ಬರೆಸಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಓಆರ್‌ಎಸ್ ಪುಡಿಯನ್ನು ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಮೂತ್ರವೇ ಬಾರದೆ ಅರ್ಧ ದಿನ ಆಯಿತು, ನಿಂತರೆ ಬೀಳುವ ಹಾಗಾಗುತ್ತದೆ ಅಂದರೆ ಮನೆಯಲ್ಲಿ ಕೂರಬೇಡಿ.

ಉಪವಾಸಕ್ಕೂ ಹಾಗೇ. ಏಕಾದಶಿಗೆ ನೀರೂ ಮುಟ್ಟದವರು ನಮ್ಮಲ್ಲಿದ್ದಾರೆ. ರಂಜಾನ್‌ನಲ್ಲಿ ಇಡೀ ತಿಂಗಳು ಹಗಲು ನೀರಿಲ್ಲ. ಕೆಲವು ವರ್ಷ ಅದು ಕಡು ಸೆಕೆಯಲ್ಲೇ ಬರುತ್ತದೆ. ನನ್ನ ಜೊತೆ ದುಡಿಯುವ ಡ್ರೈವರ್ ಪ್ರತಿ ವರ್ಷ ರಂಜಾನ್‌ಗೆ ಕೆಲವು ವಾರ ಮೊದಲೇ ಡಾಕ್ಟರ್ ಹತ್ತಿರ ಹೋಗಿ ಮಾತ್ರೆಯ ಹೊತ್ತು, ಡೋಸ್ ಬದಲಿಸಿಕೊಂಡು ಬರುತ್ತಾರೆ. ಅವರು ರಾತ್ರಿ ಉಪವಾಸ ಬಿಟ್ಟ ಮೇಲೆ ತಗೊಳ್ಳುತ್ತಾರೆ. ನಿದ್ರೆ ಸ್ವಲ್ಪ ಕೆಡುತ್ತದೆ, ಆದರೆ ಹಗಲು ಸ್ಟಿಯರಿಂಗ್ ಹಿಡಿದಾಗ ತಲೆ ತಿರುಗುವುದಿಲ್ಲ.

ಡಾಕ್ಟರ್ ಹತ್ತಿರ ಹೋಗುವಾಗ

ಮೈಗೆ ಗೊತ್ತಾಗುವ ತೊಂದರೆಗಳನ್ನು ನಾವೇ ಹಿಡಿಯಬಹುದು. ಸೋಡಿಯಂ, ಪೊಟ್ಯಾಸಿಯಂ, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಇಳಿದದ್ದು ಏರಿದ್ದು ಬಹಳ ಸಲ ಗೊತ್ತಾಗುವುದೇ ಇಲ್ಲ. ರಕ್ತಪರೀಕ್ಷೆಯೇ ಬೇಕು. ಮಾತ್ರೆ ಶುರು ಮಾಡುವ ಮೊದಲು ಒಮ್ಮೆ, ಶುರುವಾಗಿ ಎರಡರಿಂದ ನಾಲ್ಕು ವಾರದೊಳಗೆ ಒಮ್ಮೆ, ಡೋಸ್ ಬದಲಾದಾಗ ಮತ್ತೆ ಒಮ್ಮೆ. ಎಲ್ಲ ಸರಿ ಇದ್ದರೆ ಆಮೇಲೆ ಆರು ತಿಂಗಳಿಗೋ ವರ್ಷಕ್ಕೋ ಸಾಕು. ಡಾಕ್ಟರ್ ಬರೆಯಲು ಮರೆತರೆ ನೀವೇ ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವ ಡಾಕ್ಟರನ್ನು ನಾನು ಇನ್ನೂ ನೋಡಿಲ್ಲ.

ಹಳೆಯ ಚೀಟಿ ಬಿಸಾಡಬೇಡಿ. ಈ ಸಲದ ಪೊಟ್ಯಾಸಿಯಂ 3.6 ಅಂದರೆ ಸರಿಯೇ ಇದೆ ಅನಿಸುತ್ತದೆ. ಹಿಂದಿನ ಸಲ 4.4 ಇತ್ತು ಅಂತ ಗೊತ್ತಿದ್ದರೆ ಡಾಕ್ಟರ್ ಬೇರೆಯೇ ಯೋಚಿಸುತ್ತಾರೆ. ನಾನು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ತಾರೀಖಿನ ಪ್ರಕಾರ ಇಟ್ಟಿದ್ದೇನೆ. ಮನೆಯಲ್ಲಿ ನೋಡಿದ ಬಿಪಿ, ತಲೆ ತಿರುಗಿದ ಹೊತ್ತು, ಆಗ ಏನು ಮಾಡುತ್ತಿದ್ದೆ ಅನ್ನುವುದನ್ನು ಹಳೆಯ ಟಿಕೆಟ್ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತೇನೆ. ಆಯುರ್ವೇದದ್ದೋ ಹೋಮಿಯೋಪತಿಯದ್ದೋ ತಗೊಳ್ಳುತ್ತಿದ್ದರೆ ಅದರ ಡಬ್ಬಿಯನ್ನೂ ಒಯ್ಯಿರಿ. ಸಲ್ಫಾ ಮದ್ದು ತಗೊಂಡು ಮೈಮೇಲೆ ಗಂಧೆ ಎದ್ದದ್ದಿದ್ದರೆ ಮೊದಲೇ ಹೇಳಿ.

ಅಮ್ಲೋಡಿಪಿನ್ ಅನ್ನುವ ಬಿಪಿ ಮಾತ್ರೆ ತಗೊಂಡು ಪಾದ ಊದಿದವರಿಗೆ ಇನ್ನೊಂದು ಪ್ರಶ್ನೆ ಬರೆದುಕೊಡುತ್ತೇನೆ. ಆ ಊತ ಬರುವುದು ಮೈಯಲ್ಲಿ ನೀರು ಜಾಸ್ತಿಯಾಗಿ ಅಲ್ಲ, ರಕ್ತನಾಳ ಅಗಲವಾಗಿ. ಅದಕ್ಕೆ ಮೂತ್ರದ ಮಾತ್ರೆಯಿಂದ ಹೆಚ್ಚು ಉಪಯೋಗ ಆಗುವುದಿಲ್ಲ. ಊತಕ್ಕೆ ಅಂತಲೇ ಮೂತ್ರದ ಮಾತ್ರೆ ಸೇರಿದ್ದರೆ, 'ಅಮ್ಲೋಡಿಪಿನ್ ಡೋಸ್ ಕಡಿಮೆ ಮಾಡಿ ನೋಡಬಹುದಾ ಡಾಕ್ಟರೇ, ಅಥವಾ ಬದಲಿಸಬಹುದಾ?' ಅಂತ ಕೇಳಿ. ಬದಲಿಸಲು ಆದರೆ ಒಂದು ಮಾತ್ರೆಯೇ ಕಡಿಮೆಯಾಗಬಹುದು.